ರಾಯಲ್ ಪ್ಲೇಟ್ (ಕುದುರೆ ಪಂದ್ಯ)

ರಾಯಲ್ ಪ್ಲೇಟ್ ಎಂಬುದು ಬ್ರಿಟನ್ನಿನ ಅರಸೊತ್ತಿಗೆಯು ಬಹುಮಾನ ನೀಡಿ ನಡೆಸುತ್ತಿದ್ದ ಒಂದು ಬಗೆಯ ಕುದುರೆ ಪಂದ್ಯ. ಸಿಂಹಾಸನದಲ್ಲಿ ರಾಜನಿದ್ದಾಗ ಇದನ್ನು ಕಿಂಗ್ಸ್ ಪ್ಲೇಟ್ ಎಂದೂ ರಾಣಿಯಿದ್ದಾಗ ಕ್ವೀನ್ಸ್ ಪ್ಲೇಟ್ ಎಂದೂ ಕರೆಯುತ್ತಿದ್ದರು. ಬೇಲಿ, ಕಂದಕ ಮೊದಲಾದ ಅಡೆತಡೆಗಳಿಲ್ಲದ ಬಯಲಿನಲ್ಲಿ ನಡೆಯುವ, ಫ್ಲ್ಯಾಟ್ ರೇಸ್ ಎಂದು ಹೆಸರಾದ ಪಂದ್ಯಗಳ ಗುಂಪಿಗೆ ಇದು ಸೇರುತ್ತದೆ. 17ನೆಯ ಶತಮಾನದ ಉತ್ತರಾರ್ಧದಲ್ಲಿ ಬೇರುಬಿಟ್ಟು, 18ನೆಯ ಶತಮಾನದಲ್ಲಿ ದೇಶದ ಅತ್ಯಂತ ಗೌರವದ ಪಂದ್ಯಗಳಲ್ಲಿ ಒಂದೆನಿಸಿದ್ದ ಇದು, 1887ರಲ್ಲಿ ಇದಕ್ಕೆ ಮೀಸಲಾಗಿದ್ದ ಹಣವನ್ನು ಬೇರೊಂದು ಕಾರ್ಯಕ್ಕೆ ತಿರುಗಿಸಿದಾಗ ಬ್ರಿಟನ್ನಿನಲ್ಲಿ ಕೊನೆಗೊಂಡಿತು.

ರಾಯಲ್ ಪ್ಲೇಟ್ ಒಂದೇ ಊರಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ಪಂದ್ಯವಾಗಿರಲಿಲ್ಲ. ನ್ಯೂಮಾರ್ಕೆಟ್, ಯಾರ್ಕ್, ಲಿಂಕನ್, ವಿಂಚೆಸ್ಟರ್, ಕ್ಯಾಂಟರ್ಬರಿ, ಸಾಲ್ಸ್‌ಬರಿ, ನಾಟಿಂಗ್‌ಹ್ಯಾಮ್ ಮುಂತಾದ ಹಲವು ಊರುಗಳಲ್ಲಿ ಹೆಚ್ಚುಕಡಿಮೆ ಒಂದೇ ನಿಯಮಾವಳಿಯಂತೆ, ಒಂದೇ ಮೊತ್ತದ ಬಹುಮಾನಕ್ಕಾಗಿ ಇದು ನಡೆಯುತ್ತಿತ್ತು. ಆದುದರಿಂದ ಇದನ್ನು ಒಂದು ಪಂದ್ಯವೆನ್ನುವುದಕ್ಕಿಂತ ಪಂದ್ಯಗಳ ಸರಣಿಯೆನ್ನುವುದೇ ಹೆಚ್ಚು ಸರಿ.

ಹೆಸರು ಮತ್ತು ಉದ್ದೇಶ

ಇಲ್ಲಿ ಪ್ಲೇಟ್ ಎಂದರೆ ಊಟದ ತಟ್ಟೆಯಲ್ಲ. ಹಳೆಯ ಇಂಗ್ಲಿಷಿನ ಬಳಕೆಯಲ್ಲಿ ಬೆಳ್ಳಿ ಬಂಗಾರದ ಪಾತ್ರೆಪಗಡಗಳಿಗೆಲ್ಲ ಒಟ್ಟಾಗಿ ಆ ಹೆಸರಿತ್ತು. ಆರಂಭದಲ್ಲಿ ಗೆದ್ದವನಿಗೆ ಬೆಳ್ಳಿಯ ಬೋಗುಣಿಯನ್ನೋ ಚಿನ್ನದ ಬಟ್ಟಲನ್ನೋ ಕೊಡುತ್ತಿದ್ದುದರಿಂದ ಪಂದ್ಯಕ್ಕೂ ಅದೇ ಹೆಸರು ಅಂಟಿಕೊಂಡಿತು. ಒಂದನೆಯ ಜಾರ್ಜ್ ದೊರೆಯ ಆಳ್ವಿಕೆಯ ಕಾಲದಲ್ಲಿ ಪಾತ್ರೆಯ ಬದಲು 100 ಗಿನಿ ನಗದು ಕೊಡುವ ಪದ್ಧತಿ ಬಂದಿತು. ಒಂದು ಗಿನಿ 21 ಷಿಲಿಂಗ್‌ಗೆ ಸಮ. ಅಂದರೆ ಬಹುಮಾನದ ಮೊತ್ತ 105 ಪೌಂಡ್. ಪಾತ್ರೆ ಹೋದರೂ ಹೆಸರು ಉಳಿಯಿತು.

ಅರಮನೆಯು ಈ ಹಣವನ್ನು ಕೇವಲ ವಿನೋದಕ್ಕಾಗಿ ವೆಚ್ಚಮಾಡುತ್ತಿರಲಿಲ್ಲ. ಅಂದಿನ ರಾಜ್ಯಕ್ಕೆ ಕುದುರೆಯು ಸೈನ್ಯದ ಬಲವೂ ಹೌದು, ಸಾರಿಗೆಯ ಬೆನ್ನೆಲುಬೂ ಹೌದು. ಆಯುಧ ಸಹಿತನಾದ ಸವಾರನನ್ನು ಹೊತ್ತು ಬಹುದೂರ ಸಾಗಬಲ್ಲ ದೃಢಕಾಯದ ಕುದುರೆಗಳು ದೇಶದಲ್ಲೇ ಹುಟ್ಟಬೇಕೆಂಬುದು ಆಳುವವರ ಅಪೇಕ್ಷೆಯಾಗಿತ್ತು. ಅಂತಹ ಕುದುರೆಗಳನ್ನು ಸಾಕುವಂತೆ ಜಮೀನುದಾರರಿಗೆ ಆಜ್ಞೆ ಮಾಡುವುದಕ್ಕಿಂತ, ಅಂತಹವು ಮಾತ್ರ ಗೆಲ್ಲಬಲ್ಲ ಪಂದ್ಯವನ್ನು ಏರ್ಪಡಿಸಿ ಬಹುಮಾನವಿಡುವುದು ಸುಲಭವೆನಿಸಿತು. ರಾಯಲ್ ಪ್ಲೇಟಿನ ನಿಯಮಗಳು ಇಂದಿನ ಓದುಗರಿಗೆ ಕ್ರೂರವೆನಿಸುವಷ್ಟು ಕಠಿಣವಾಗಿದ್ದುದಕ್ಕೆ ಈ ಉದ್ದೇಶವೇ ಕಾರಣ.

ಆರಂಭ

ಈ ಪದ್ಧತಿಯ ಮೂಲವನ್ನು ಸಾಮಾನ್ಯವಾಗಿ ಎರಡನೆಯ ಚಾರ್ಲ್ಸ್ ದೊರೆಯ ಕಾಲದಲ್ಲಿ ಗುರುತಿಸುತ್ತಾರೆ. ಅಂತರ್ಯುದ್ಧದ ಅನಂತರ ಪಟ್ಟಕ್ಕೆ ಮರಳಿದ ಈ ದೊರೆಗೆ ಕುದುರೆ ಸವಾರಿಯಲ್ಲಿ ಅತೀವ ಆಸಕ್ತಿಯಿತ್ತು. ಇಂಗ್ಲೆಂಡಿನ ಪೂರ್ವಭಾಗದ ನ್ಯೂಮಾರ್ಕೆಟ್ ಎಂಬ ಸಣ್ಣ ಊರನ್ನು ಅವನು ಪಂದ್ಯಗಳ ರಾಜಧಾನಿಯನ್ನಾಗಿ ಮಾಡಿದನು. 1665ರಲ್ಲಿ ಅಲ್ಲಿ ಅವನು ಸ್ಥಾಪಿಸಿದ ಟೌನ್ ಪ್ಲೇಟ್ ಪಂದ್ಯಕ್ಕೆ ಲಿಖಿತ ನಿಯಮಗಳಿದ್ದವು. ಸವಾರನ ತೂಕ 12 ಸ್ಟೋನ್ ಇರಬೇಕು. ಆಳುಕಾಳುಗಳಾಗಲಿ ಲಾಯದ ಚಾಕರರಾಗಲಿ ಸವಾರಿ ಮಾಡಕೂಡದು. 1671ರಲ್ಲಿ ದೊರೆಯು ತಾನೇ ಸವಾರಿ ಮಾಡಿ ಈ ಪಂದ್ಯವನ್ನು ಗೆದ್ದನು. ಗೆದ್ದವನು ದೊರೆಯೆಂಬ ಕಾರಣಕ್ಕೆ ಉಳಿದವರು ಕಡಿವಾಣ ಬಿಗಿಹಿಡಿದರೋ ಎಂಬ ಶಂಕೆ ಯಾರಿಗಾದರೂ ಬರುವಂತಹುದೇ. ಆದರೆ ಅವನು ನುರಿತ ಸವಾರನಾಗಿದ್ದುದರಲ್ಲಿ ಸಂದೇಹವಿಲ್ಲ.

ಪದ್ಧತಿಗೆ ವಿಸ್ತಾರ ಒದಗಿದುದು ಆ್ಯನ್ ರಾಣಿಯ ಕಾಲದಲ್ಲಿ. ವಿಂಡ್ಸರ್ ಅರಮನೆಗೆ ಸಮೀಪದ ಆಸ್ಕಟ್ ಬಯಲಿನಲ್ಲಿ ರಾಣಿಯ ಇಚ್ಛೆಯಂತೆ ಪಂದ್ಯದ ಅಂಕಣ ಸಿದ್ಧವಾಯಿತು. 1711ರ ಆಗಸ್ಟ್ 11ರಂದು ಅಲ್ಲಿ ನಡೆದ ಮೊತ್ತಮೊದಲ ಪಂದ್ಯವೇ 100 ಗಿನಿ ಬಹುಮಾನದ ಹರ್ ಮೆಜೆಸ್ಟೀಸ್ ಪ್ಲೇಟ್. ಅದರಲ್ಲಿ ಏಳು ಕುದುರೆಗಳು ತಲಾ 12 ಸ್ಟೋನ್ ಹೊತ್ತು ಓಡಿದವು. ರಾಣಿಯು ಯಾರ್ಕ್ ಪಟ್ಟಣದಲ್ಲಿಯೂ ಚಿನ್ನದ ಬಟ್ಟಲನ್ನು ಬಹುಮಾನವಾಗಿಟ್ಟು, ತನ್ನ ಕುದುರೆಗಳನ್ನೇ ಸ್ಪರ್ಧೆಗೆ ಕಳುಹಿಸಿದಳು. 1712ರಲ್ಲಿ ಓಡಿದ ಕುದುರೆಯ ಹೆಸರು ಪೆಪ್ಪರ್, 1713ರಲ್ಲಿ ಓಡಿದುದರ ಹೆಸರು ಮಸ್ಟರ್ಡ್. ಮೆಣಸು, ಸಾಸಿವೆಗಳ ಈ ಜೋಡಿ ರಾಣಿಗೆ ಜಯ ತರಲಿಲ್ಲ. 1714ರ ಜುಲೈ ಕೊನೆಯಲ್ಲಿ ಸ್ಟಾರ್ ಎಂಬ ಕುದುರೆ ಯಾರ್ಕ್‌ನಲ್ಲಿ ಪಂದ್ಯವೊಂದನ್ನು ಗೆದ್ದಿತು. ಆದರೆ ಆಗಸ್ಟ್ 1ರಂದು ರಾಣಿ ತೀರಿಕೊಂಡಳು.

ಪಂದ್ಯದ ಕ್ರಮ

ಇಂದಿನ ಕುದುರೆ ಪಂದ್ಯವೆಂದರೆ ಒಂದೆರಡು ನಿಮಿಷಗಳ ಮಾತು. ರಾಯಲ್ ಪ್ಲೇಟ್ ಹಾಗಿರಲಿಲ್ಲ. ಅದು ಒಂದು ಮಧ್ಯಾಹ್ನವನ್ನೇ ನುಂಗುತ್ತಿತ್ತು. ಪಂದ್ಯವನ್ನು ಹೀಟ್ ಎಂಬ ಸುತ್ತುಗಳಾಗಿ ವಿಂಗಡಿಸಲಾಗುತ್ತಿತ್ತು. ಒಂದೊಂದು ಸುತ್ತಿನ ಉದ್ದ ನಾಲ್ಕು ಮೈಲಿ, ಎಂದರೆ ಸುಮಾರು 6.4 ಕಿಲೋಮೀಟರ್. ಎರಡು ಸುತ್ತು ಗೆದ್ದ ಕುದುರೆಗೆ ಬಹುಮಾನ. ಮೊದಲ ಸುತ್ತನ್ನು ಒಂದು ಕುದುರೆಯೂ ಎರಡನೆಯದನ್ನು ಇನ್ನೊಂದೂ ಗೆದ್ದರೆ ಮೂರನೆಯ ಸುತ್ತು ಅನಿವಾರ್ಯವಾಗುತ್ತಿತ್ತು. ಸುತ್ತುಗಳ ನಡುವೆ ಸುಮಾರು ಅರ್ಧ ಗಂಟೆಯ ಬಿಡುವು. ಆ ಬಿಡುವಿನಲ್ಲಿ ಲಾಯದ ಆಳುಗಳು ಕುದುರೆಯ ಬೆವರನ್ನು ಉಜ್ಜಿ ತೆಗೆದು, ಮೈ ಆರಿಸಿ, ಮತ್ತೆ ಜೀನು ಬಿಗಿಯುತ್ತಿದ್ದರು. ಮೂರು ಸುತ್ತು ಓಡಿದ ಕುದುರೆಯು ಒಂದೇ ದಿನದಲ್ಲಿ 12 ಮೈಲಿಯನ್ನು ಸ್ಪರ್ಧೆಯ ವೇಗದಲ್ಲಿ ಕ್ರಮಿಸಿದಂತಾಗುತ್ತಿತ್ತು.

ಹೊರೆಯೂ ಕಡಿಮೆಯದಲ್ಲ. 12 ಸ್ಟೋನ್ ಎಂದರೆ 168 ಪೌಂಡ್, ಸುಮಾರು 76 ಕಿಲೋಗ್ರಾಂ. ಇಂದಿನ ಡರ್ಬಿ ಪಂದ್ಯದಲ್ಲಿ ಕುದುರೆಗಳು ಹೊರುವ ತೂಕ 9 ಸ್ಟೋನ್‌ನ ಆಸುಪಾಸಿನಲ್ಲಿದೆ. ಇಂತಹ ಪರೀಕ್ಷೆಗೆ ಎಳೆಯ ಕುದುರೆಗಳು ತಾಳಲಾರವು. ಆದುದರಿಂದ ಐದು ಆರು ವರ್ಷ ತುಂಬಿ, ಎಲುಬು ಬಲಿತ ಕುದುರೆಗಳೇ ಇಲ್ಲಿ ಓಡುತ್ತಿದ್ದವು. ಯಾರ್ಕ್‌ಷೈರಿನ ಬ್ಲ್ಯಾಕ್ ಹ್ಯಾಂಬಲ್ಟನ್ ಎಂಬಲ್ಲಿ ನಡೆಯುತ್ತಿದ್ದ ರಾಯಲ್ ಪ್ಲೇಟ್ ಮಾತ್ರ ಹೆಣ್ಣುಕುದುರೆಗಳಿಗೆ ಮೀಸಲಾಯಿತು. ತಳಿಯ ಗುಣ ತಾಯಿಯಿಂದಲೂ ಬರುತ್ತದೆಂಬ ಅರಿವು ಅಂದಿನವರಿಗಿತ್ತೆಂಬುದನ್ನು ಇದು ಸೂಚಿಸುತ್ತದೆ.

ಸುತ್ತುಗಳ ಪದ್ಧತಿಯಲ್ಲಿ ಒಂದು ವಂಚನೆಗೆ ಅವಕಾಶವಿತ್ತು. ಮೊದಲ ಸುತ್ತಿನಲ್ಲಿ ಕುದುರೆಯನ್ನು ನಿಧಾನವಾಗಿ ಓಡಿಸಿ, ಅದರ ಶಕ್ತಿಯನ್ನು ಮುಂದಿನ ಸುತ್ತುಗಳಿಗೆ ಉಳಿಸಿಕೊಳ್ಳಬಹುದಾಗಿತ್ತು. ಇದನ್ನು ತಡೆಯಲು ಗುರಿಗಂಬಕ್ಕಿಂತ 240 ಗಜ ಹಿಂದೆ ಡಿಸ್ಟೆನ್ಸ್ ಕಂಬವೆಂಬ ಇನ್ನೊಂದು ಕಂಬವನ್ನು ನೆಡುತ್ತಿದ್ದರು. ಮುಂದಿನ ಕುದುರೆ ಗುರಿ ಮುಟ್ಟುವಷ್ಟರಲ್ಲಿ ಈ ಕಂಬವನ್ನು ದಾಟದ ಕುದುರೆಗಳು ಮುಂದಿನ ಸುತ್ತಿಗೆ ಅನರ್ಹವಾಗುತ್ತಿದ್ದವು. ಅಂತಹವನ್ನು ಪಂದ್ಯದ ಪರಿಭಾಷೆಯಲ್ಲಿ ಸ್ಥಾನವೇ ಇಲ್ಲದವು ಎಂದು ಪರಿಗಣಿಸಲಾಗುತ್ತಿತ್ತು.

1740ರ ಕಾಯಿದೆ

18ನೆಯ ಶತಮಾನದ ಪೂರ್ವಾರ್ಧದಲ್ಲಿ ಊರೂರಿಗೂ ಕುದುರೆ ಪಂದ್ಯಗಳು ಹಬ್ಬಿದವು. ಐದೋ ಹತ್ತೋ ಪೌಂಡ್ ಬಹುಮಾನಕ್ಕೆ ಬಡಕಲು ಕುದುರೆಗಳನ್ನು ಓಡಿಸುವ ಸಣ್ಣ ಪಂದ್ಯಗಳಿಂದ ಜನರಲ್ಲಿ ಸೋಮಾರಿತನ ಬೆಳೆಯುತ್ತದೆ, ಬಲಿಷ್ಠ ತಳಿಯೂ ಕೆಡುತ್ತದೆ ಎಂಬ ದೂರು ಪಾರ್ಲಿಮೆಂಟನ್ನು ಮುಟ್ಟಿತು. 1740ರಲ್ಲಿ ಅದು ಒಂದು ಕಾಯಿದೆಯನ್ನು ಮಾಡಿ, 50 ಪೌಂಡ್‌ಗಿಂತ ಕಡಿಮೆ ಬಹುಮಾನದ ಪಂದ್ಯಗಳನ್ನು ನಿಷೇಧಿಸಿತು. ನ್ಯೂಮಾರ್ಕೆಟ್ ಮತ್ತು ಬ್ಲ್ಯಾಕ್ ಹ್ಯಾಂಬಲ್ಟನ್‌ಗಳಿಗೆ ಮಾತ್ರ ವಿನಾಯಿತಿ ನೀಡಿತು. ಐದು ವರ್ಷದ ಕುದುರೆಗೆ 10 ಸ್ಟೋನ್, ಆರು ವರ್ಷದ್ದಕ್ಕೆ 11, ಏಳು ವರ್ಷದ್ದಕ್ಕೆ 12 ಸ್ಟೋನ್ ತೂಕವನ್ನೂ ನಿಗದಿಪಡಿಸಿತು. ರಾಯಲ್ ಪ್ಲೇಟಿನ ಮಾದರಿಯನ್ನು ಇಡೀ ದೇಶದ ಮೇಲೆ ಹೇರುವ ಪ್ರಯತ್ನವೆಂದು ಇದನ್ನು ಹೇಳಬಹುದು. ಆದರೆ ಕುದುರೆ ಮಾಲೀಕರಾದ ಶ್ರೀಮಂತರು ಪಾರ್ಲಿಮೆಂಟಿನಲ್ಲಿಯೇ ಕುಳಿತಿದ್ದರು. ತೂಕದ ನಿಯಮವನ್ನು 1745ರಲ್ಲಿ ಹಿಂತೆಗೆದುಕೊಳ್ಳಲಾಯಿತು.

ಎಕ್ಲಿಪ್ಸ್

ರಾಯಲ್ ಪ್ಲೇಟಿನ ಕೀರ್ತಿಯು ತುತ್ತತುದಿಗೇರಿದುದು ಎಕ್ಲಿಪ್ಸ್ ಎಂಬ ಕುದುರೆಯಿಂದ. 1764ರ ಏಪ್ರಿಲ್ 1ರ ಸೂರ್ಯಗ್ರಹಣದ ದಿನ ಕಂಬರ್ಲೆಂಡಿನ ಡ್ಯೂಕನ ಲಾಯದಲ್ಲಿ ಹುಟ್ಟಿದುದರಿಂದ ಇದಕ್ಕೆ ಈ ಹೆಸರು. ಡ್ಯೂಕನು ಸತ್ತ ಮೇಲೆ ನಡೆದ ಹರಾಜಿನಲ್ಲಿ ವಿಲಿಯಂ ವೈಲ್ಡ್‌ಮನ್ ಎಂಬ ಮಾಂಸದ ವ್ಯಾಪಾರಿ ಇದನ್ನು 75 ಗಿನಿಗೆ ಕೊಂಡನು. ಮುಂದೆ ಇದು ಡೆನಿಸ್ ಓಕೆಲಿ ಎಂಬ ಐರಿಷ್ ಜೂಜುಗಾರನ ವಶವಾಯಿತು. ಲಂಡನ್ನಿನಲ್ಲಿ ಮೇನೆ ಹೊರುತ್ತಿದ್ದನೆಂದೂ ಸಾಲಕ್ಕಾಗಿ ಸೆರೆವಾಸ ಕಂಡಿದ್ದನೆಂದೂ ಹೇಳಲಾಗುವ ಓಕೆಲಿಗೆ ಉಚ್ಚಕುಲದವರ ಜಾಕಿ ಕ್ಲಬ್ ಕೊನೆಯವರೆಗೂ ಸದಸ್ಯತ್ವ ನೀಡಲಿಲ್ಲ.

1769ರ ಮೇ 3ರಂದು ಎಪ್ಸಮ್‌ನಲ್ಲಿ ಎಕ್ಲಿಪ್ಸ್ ತನ್ನ ಮೊದಲ ಪಂದ್ಯವನ್ನು ಓಡಿತು. ಮೊದಲ ಸುತ್ತನ್ನು ಅದು ಸಲೀಸಾಗಿ ಗೆದ್ದುದನ್ನು ಕಂಡ ಓಕೆಲಿ, ಮುಂದಿನ ಸುತ್ತಿನಲ್ಲಿ ಎಲ್ಲ ಕುದುರೆಗಳ ಸ್ಥಾನವನ್ನೂ ಮುಂದಾಗಿಯೇ ಹೇಳುವೆನೆಂದು ಪಣ ಕಟ್ಟಿದನು. ಎಕ್ಲಿಪ್ಸ್ ಮೊದಲನೆಯದು, ಉಳಿದವುಗಳಿಗೆ ಸ್ಥಾನವೇ ಇಲ್ಲ ಎಂಬುದು ಅವನ ಭವಿಷ್ಯವಾಣಿಯಾಗಿತ್ತು. ಇದು ಬರಿಯ ಬಡಾಯಿಯ ಮಾತಲ್ಲ. ಮೇಲೆ ಹೇಳಿದ 240 ಗಜದ ಕಂಬವನ್ನು ನೆನಪಿಟ್ಟುಕೊಂಡರೆ ಇದರ ಖಚಿತಾರ್ಥ ತಿಳಿಯುತ್ತದೆ: ಎಕ್ಲಿಪ್ಸ್ ಗುರಿ ಮುಟ್ಟುವಾಗ ಉಳಿದ ಒಂದು ಕುದುರೆಯೂ ಆ ಕಂಬವನ್ನು ದಾಟಿರುವುದಿಲ್ಲ ಎಂದು ಅವನು ಹೇಳಿದ್ದನು. ಹಾಗೆಯೇ ಆಯಿತು. ಪಂದ್ಯದ ಆ ನಿಯಮ ಮರೆತುಹೋದ ಮೇಲೂ ಈ ಮಾತು ಇಂಗ್ಲಿಷ್ ಭಾಷೆಯಲ್ಲಿ ನಾಣ್ಣುಡಿಯಂತೆ ಉಳಿದಿದೆ.

ಎಕ್ಲಿಪ್ಸ್ ಓಡಿದುದು ಎರಡೇ ವರ್ಷ. 18 ಪಂದ್ಯಗಳಲ್ಲಿ ಅದು ಒಮ್ಮೆಯೂ ಸೋಲಲಿಲ್ಲ; ಅವುಗಳಲ್ಲಿ 11 ಕಿಂಗ್ಸ್ ಪ್ಲೇಟ್‌ಗಳು. 1769ರಲ್ಲಿ ವಿಂಚೆಸ್ಟರ್, ಸಾಲ್ಸ್‌ಬರಿ, ಕ್ಯಾಂಟರ್ಬರಿ, ಲೂಯಿಸ್ ಮತ್ತು ಲಿಚ್‌ಫೀಲ್ಡ್‌ಗಳಲ್ಲಿ ಐದನ್ನು ಗೆದ್ದಿತು. 1770ರಲ್ಲಿ ನ್ಯೂಮಾರ್ಕೆಟ್‌ನಲ್ಲಿ ಎರಡು ಬಾರಿ, ಗಿಲ್ಡ್‌ಫರ್ಡ್, ನಾಟಿಂಗ್‌ಹ್ಯಾಮ್, ಯಾರ್ಕ್ ಹಾಗೂ ಲಿಂಕನ್‌ಗಳಲ್ಲಿ ಒಂದೊಂದು ಬಾರಿ, ಹೀಗೆ ಆರನ್ನು ಗೆದ್ದಿತು. ಈ ಊರುಗಳ ನಡುವಣ ದಾರಿಯನ್ನೆಲ್ಲ ಕುದುರೆ ನಡೆದೇ ಕ್ರಮಿಸಬೇಕಾಗಿತ್ತೆಂಬುದನ್ನು ಮರೆಯಬಾರದು. ಇದರ ಎದುರು ಓಡಿಸಲು ಯಾರೂ ಮುಂದೆ ಬಾರದೆ ಹಲವು ಪಂದ್ಯಗಳು ವಾಕೋವರ್ ಆದವು. ಅಂದರೆ ಕುದುರೆಯು ಒಂಟಿಯಾಗಿ ಅಂಕಣದಲ್ಲಿ ನಡೆದು ತೀರ್ಪುಗಾರರ ಮುಂದೆ ಹಾದುಹೋದರೆ ಬಹುಮಾನ ಅದರದಾಗುತ್ತಿತ್ತು. ಎಕ್ಲಿಪ್ಸ್‌ನ ವಿಷಯದಲ್ಲಿ ಇದು ಗೌರವದ ಗುರುತು. ಒಂದು ಶತಮಾನದ ಬಳಿಕ ಇದೇ ವಾಕೋವರ್ ರಾಯಲ್ ಪ್ಲೇಟಿನ ಕಾಯಿಲೆಯ ಗುರುತಾಯಿತು.

ಇಳಿಗಾಲ

ಎಕ್ಲಿಪ್ಸ್ ಮೊದಲ ಬಾರಿ ಓಡಿದಾಗ ಅದಕ್ಕೆ ಐದು ವರ್ಷ. 12 ಸ್ಟೋನ್ ಹೊತ್ತು ನಾಲ್ಕು ಮೈಲಿ ಓಡಿ ಅದು ಹೆಸರು ಗಳಿಸಿತು. ಅದರ ಗಂಡುಮರಿಗಳಲ್ಲಿ ಮೂರು ಡರ್ಬಿ ಗೆದ್ದವು: 1781ರಲ್ಲಿ ಯಂಗ್ ಎಕ್ಲಿಪ್ಸ್, 1783ರಲ್ಲಿ ಸಾಲ್ಟ್ರಮ್, 1784ರಲ್ಲಿ ಸಾರ್ಜೆಂಟ್. ಈ ಮೂರೂ ಗೆಲ್ಲುವಾಗ ಅವುಗಳಿಗೆ ಮೂರೇ ವರ್ಷ. ಮೊದಲೆರಡು ಓಡಿದುದು ಒಂದೇ ಮೈಲಿ, ಸಾರ್ಜೆಂಟ್ ಓಡಿದುದು ಒಂದೂವರೆ ಮೈಲಿ. ಕುದುರೆ ಪಂದ್ಯದ ಸ್ವರೂಪವೇ ಬದಲಾದುದನ್ನು ತಂದೆಮಕ್ಕಳ ಈ ವ್ಯತ್ಯಾಸಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ಸಿಗಲಾರದು.

1776ರಲ್ಲಿ ಸೇಂಟ್ ಲೆಜರ್, 1779ರಲ್ಲಿ ಓಕ್ಸ್, 1780ರಲ್ಲಿ ಡರ್ಬಿ ಪಂದ್ಯಗಳು ಆರಂಭವಾದವು. ಇವು ಮೂರು ವರ್ಷದ ಕುದುರೆಗಳಿಗೆ ಮೀಸಲಾಗಿದ್ದು ಒಂದೇ ಓಟದಲ್ಲಿ ಮುಗಿಯುತ್ತಿದ್ದವು. 1786ರಲ್ಲಿ ನ್ಯೂಮಾರ್ಕೆಟ್‌ನಲ್ಲಿ ಎರಡು ವರ್ಷದ ಮರಿಗಳಿಗೂ ಜುಲೈ ಸ್ಟೇಕ್ಸ್ ಏರ್ಪಟ್ಟಿತು. ಸ್ಟೇಕ್ಸ್ ಪದ್ಧತಿಯಲ್ಲಿ ಮಾಲೀಕರೇ ಚಂದಾ ಹಾಕಿ ಬಹುಮಾನದ ನಿಧಿ ಕೂಡಿಸುತ್ತಿದ್ದುದರಿಂದ ಸ್ಪರ್ಧಿಗಳು ಹೆಚ್ಚಿದಂತೆ ಬಹುಮಾನವೂ ಬೆಳೆಯುತ್ತಿತ್ತು. ಹ್ಯಾಂಡಿಕ್ಯಾಪ್ ಎಂಬ ಇನ್ನೊಂದು ಬಗೆಯ ಪಂದ್ಯವೂ ಜನಪ್ರಿಯವಾಯಿತು. ಅದರಲ್ಲಿ ಬಲವುಳ್ಳ ಕುದುರೆಗೆ ಹೆಚ್ಚು ತೂಕ, ದುರ್ಬಲ ಕುದುರೆಗೆ ಕಡಿಮೆ ತೂಕ ಹೊರಿಸಿ ಗೆಲುವನ್ನು ಅನಿಶ್ಚಿತಗೊಳಿಸುತ್ತಿದ್ದರು. ಬಾಜಿ ಕಟ್ಟುವವರಿಗೆ ಬೇಕಾದುದು ಈ ಅನಿಶ್ಚಿತತೆಯೇ.

ಮಾಲೀಕನ ಲೆಕ್ಕಾಚಾರವೂ ಇದಕ್ಕೆ ಅನುಗುಣವಾಗಿಯೇ ಇತ್ತು. ಕುದುರೆಯನ್ನು ಐದಾರು ವರ್ಷ ಹುಲ್ಲು ಹುರುಳಿ ಹಾಕಿ ಸಾಕಿ, ಒಂದು ದಿನ 12 ಮೈಲಿ ದಣಿಸಿ 100 ಗಿನಿ ಪಡೆಯುವುದಕ್ಕಿಂತ, ಮೂರನೆಯ ವರ್ಷದಲ್ಲೇ ಒಂದೆರಡು ಮೈಲಿ ಓಡಿಸಿ ಅದಕ್ಕಿಂತ ಬಹುಪಾಲು ಹೆಚ್ಚು ಗಳಿಸುವುದು ಲಾಭಕರವಾಗಿತ್ತು. ಅರಮನೆಯ ಬಹುಮಾನ ಮಾತ್ರ ಒಂದೂವರೆ ಶತಮಾನ ಕಳೆದರೂ 100 ಗಿನಿಯಾಗಿಯೇ ಉಳಿಯಿತು. ಕಾಲಕ್ರಮದಲ್ಲಿ ರಾಯಲ್ ಪ್ಲೇಟಿನ ನಿಯಮಗಳನ್ನೂ ಸಡಿಲಿಸಲಾಯಿತು. ಸುತ್ತುಗಳು ಹೋದವು, ದೂರ ಮೊಟಕಾಯಿತು, ತೂಕ ಇಳಿಯಿತು, ಎಳೆಯ ಕುದುರೆಗಳಿಗೂ ಪ್ರವೇಶ ದೊರೆಯಿತು. ಈ ಸಡಿಲಿಕೆ ಸ್ಪರ್ಧಿಗಳನ್ನು ಮರಳಿ ತರಲಿಲ್ಲ. ಮೂಲ ಉದ್ದೇಶವನ್ನು ಬಿಟ್ಟುಕೊಟ್ಟ ಮೇಲೆ ಪಂದ್ಯಕ್ಕೆ ತನ್ನದೇ ಆದ ಗುಣವೆಂಬುದು ಉಳಿಯಲಿಲ್ಲವೆಂದೇ ಹೇಳಬೇಕು.

19ನೆಯ ಶತಮಾನದ ನಡುವಿನಲ್ಲಿ ರೈಲು ಬಂದ ಮೇಲೆ ಒಂದೇ ಕುದುರೆಯನ್ನು ಊರಿಂದೂರಿಗೆ ಬೇಗನೆ ಸಾಗಿಸುವುದು ಸಾಧ್ಯವಾಯಿತು. 1853ರಲ್ಲಿ ಹುಟ್ಟಿದ ಫಿಶರ್‌ಮನ್ ಎಂಬ ಕುದುರೆ ಇಪ್ಪತ್ತಕ್ಕೂ ಹೆಚ್ಚು ಕ್ವೀನ್ಸ್ ಪ್ಲೇಟ್‌ಗಳನ್ನು ಗೆದ್ದಿತು. ಅದು ಸಾಮಾನ್ಯ ಕುದುರೆಯಾಗಿರಲಿಲ್ಲ. 1858 ಮತ್ತು 1859ರಲ್ಲಿ ಆಸ್ಕಟ್ ಗೋಲ್ಡ್ ಕಪ್ಪನ್ನೂ ಗೆದ್ದಿತ್ತು. ಆದರೆ ಅಷ್ಟು ದೃಢಕಾಯದ ಕುದುರೆಯನ್ನು ಇಂಗ್ಲೆಂಡಿನ ತಳಿಗಾರರು ಉಳಿಸಿಕೊಳ್ಳಲಿಲ್ಲ. ಅದನ್ನು ಆಸ್ಟ್ರೇಲಿಯಕ್ಕೆ ಮಾರಲಾಯಿತು. 1865ರಲ್ಲಿ ಅದು ಅಲ್ಲಿಯೇ ಸತ್ತಿತು. ಬಲಿಷ್ಠ ತಳಿಯನ್ನು ದೇಶದಲ್ಲಿ ಬೆಳೆಸಲೆಂದೇ ಹುಟ್ಟಿದ ಪಂದ್ಯದ ಮಹಾವಿಜೇತನ ಗತಿ ಹೀಗಾಯಿತು.

ರದ್ದತಿ

1886ರಲ್ಲಿ ಲಂಡನ್ ಸಮೀಪದ ಸ್ಯಾಂಡೌನ್ ಪಾರ್ಕ್‌ನಲ್ಲಿ ಹೊಸದೊಂದು ಪಂದ್ಯ ಆರಂಭವಾಯಿತು. ದೂರ ಒಂದೂಕಾಲು ಮೈಲಿ. ಬಹುಮಾನ 10,000 ಪೌಂಡ್. ಬ್ರಿಟನ್ ಅದುವರೆಗೆ ಅಷ್ಟು ದೊಡ್ಡ ಬಹುಮಾನವನ್ನು ಕಂಡಿರಲಿಲ್ಲ. ಆ ಪಂದ್ಯಕ್ಕೆ ಇಟ್ಟ ಹೆಸರು ಎಕ್ಲಿಪ್ಸ್ ಸ್ಟೇಕ್ಸ್. ಹನ್ನೊಂದು ಕಿಂಗ್ಸ್ ಪ್ಲೇಟ್ ಗೆದ್ದ ಕುದುರೆಯ ಹೆಸರು ಹೊತ್ತ ಈ ಪಂದ್ಯದ ಒಂದೇ ಓಟದ ಬಹುಮಾನ, ಒಂದು ಕ್ವೀನ್ಸ್ ಪ್ಲೇಟಿನ ಬಹುಮಾನಕ್ಕಿಂತ ತೊಂಬತ್ತು ಪಟ್ಟಿಗೂ ಹೆಚ್ಚಾಗಿತ್ತು.

ಮರುವರ್ಷ, 1887ರಲ್ಲಿ, ಸರ್ಕಾರವು ಕುದುರೆ ತಳಿ ಸಂವರ್ಧನೆಗಾಗಿ ಒಂದು ರಾಯಲ್ ಕಮಿಷನ್ನನ್ನು ನೇಮಿಸಿತು. ಅರಮನೆಯ ಅಶ್ವಾಧ್ಯಕ್ಷ ಪದವಿಯಲ್ಲಿದ್ದ ಪೋರ್ಟ್‌ಲೆಂಡಿನ ಡ್ಯೂಕ್ ಅದರ ಅಧ್ಯಕ್ಷ. ಈತನ ಲಾಯದಲ್ಲಿಯೇ ಸೇಂಟ್ ಸೈಮನ್‌ನಂತಹ ಅಪ್ರತಿಮ ಪಂದ್ಯದ ಕುದುರೆಯಿತ್ತು; 1888 ಮತ್ತು 1889ರ ಡರ್ಬಿಗಳನ್ನೂ ಈತನ ಕುದುರೆಗಳೇ ಗೆದ್ದವು. ಕ್ವೀನ್ಸ್ ಪ್ಲೇಟ್‌ಗಳನ್ನು ನಿಲ್ಲಿಸಿದುದು ಪಂದ್ಯಗಳನ್ನು ದ್ವೇಷಿಸುವವರಲ್ಲ, ಅವುಗಳ ಒಳಹೊರಗನ್ನು ಬಲ್ಲವರು ಎಂಬುದು ಇದರಿಂದ ತಿಳಿಯುತ್ತದೆ. ಪ್ಲೇಟ್‌ಗಳಿಗಾಗಿ ವರ್ಷಕ್ಕೆ ವೆಚ್ಚವಾಗುತ್ತಿದ್ದ ಹಣ 3,360 ಪೌಂಡ್. 105 ಪೌಂಡಿನ 32 ಬಹುಮಾನಗಳಿಗೆ ಸಮನಾದ ಮೊತ್ತವಿದು. ಇದಕ್ಕೆ ಇನ್ನಷ್ಟು ಹಣ ಸೇರಿಸಿ, ಬೀಜದ ಗಂಡುಕುದುರೆಗಳ ಮಾಲೀಕರಿಗೆ ತಲಾ 200 ಪೌಂಡಿನ ಕ್ವೀನ್ಸ್ ಪ್ರೀಮಿಯಂ ಕೊಡುವುದೆಂದು ತೀರ್ಮಾನವಾಯಿತು. 1888ರಲ್ಲಿ ನಾಟಿಂಗ್‌ಹ್ಯಾಮ್‌ನಲ್ಲಿ ಮೊದಲ ಪ್ರದರ್ಶನ ನಡೆಯಿತು.

ಪ್ರೀಮಿಯಂ ಪಡೆಯುವ ಕುದುರೆಯು ಓಡಬೇಕಾಗಿರಲಿಲ್ಲ. ಪಶುವೈದ್ಯರ ಮುಂದೆ ನಿಲ್ಲಬೇಕಾಗಿತ್ತು. ಅದಕ್ಕೆ ಅನುವಂಶೀಯ ರೋಗಗಳಿರಬಾರದು. ಗೊತ್ತುಪಡಿಸಿದ ಜಿಲ್ಲೆಯಲ್ಲಿ ಸಂಚರಿಸಿ, 40 ಷಿಲಿಂಗ್ ಮೀರದ ಶುಲ್ಕಕ್ಕೆ ಕನಿಷ್ಠ 50 ಹೆಣ್ಣುಕುದುರೆಗಳಿಗೆ ಅದು ಲಭ್ಯವಾಗಬೇಕು. ಉತ್ತಮ ತಳಿಯ ರಕ್ತವು ಸಾಮಾನ್ಯ ರೈತನ ಕೊಟ್ಟಿಗೆಯನ್ನು ಮುಟ್ಟುವಂತೆ ಮಾಡಿದ ಈ ಕ್ರಮ ಹಿಂದಿನದಕ್ಕಿಂತ ನೇರವಾಗಿತ್ತು. ಆದರೂ 1899ರಲ್ಲಿ ಬೋಯರ್ ಯುದ್ಧ ಆರಂಭವಾದಾಗ ದೇಶದಲ್ಲಿ ಸಾಕಷ್ಟು ಕುದುರೆಗಳು ದೊರೆಯದೆ, ಬ್ರಿಟಿಷ್ ಸೈನ್ಯವು ಅಮೆರಿಕ, ಅರ್ಜೆಂಟೀನ, ಹಂಗೆರಿಗಳಿಂದಲೂ ಕುದುರೆಗಳನ್ನು ಕೊಳ್ಳಬೇಕಾಯಿತು.

ಉಳಿದ ಕುರುಹುಗಳು

ಬ್ರಿಟನ್ನಿನಲ್ಲಿ ಅಳಿದ ಹೆಸರು ಕೆನಡದಲ್ಲಿ ಉಳಿದಿದೆ. ವಿಕ್ಟೋರಿಯ ರಾಣಿಯು ಕೊಟ್ಟ 50 ಗಿನಿ ಬಹುಮಾನದೊಡನೆ 1860ರಲ್ಲಿ ಟೊರಾಂಟೊದಲ್ಲಿ ಆರಂಭವಾದ ಕ್ವೀನ್ಸ್ ಪ್ಲೇಟ್ ಇಂದಿಗೂ ನಡೆಯುತ್ತಿದೆ. ಎರಡನೆಯ ಎಲಿಜಬೆತ್ ರಾಣಿಯ ನಿಧನಾನಂತರ 2023ರಿಂದ ಅದು ಕಿಂಗ್ಸ್ ಪ್ಲೇಟ್ ಎನಿಸಿದೆ. ಐರ್ಲೆಂಡಿನ ಕರಾ ಬಯಲಿನಲ್ಲಿ, 1821ರಲ್ಲಿ ನಾಲ್ಕನೆಯ ಜಾರ್ಜ್ ದೊರೆ ನೀಡಿದ ಚಾವಟಿಯ ನೆನಪಿನ ರಾಯಲ್ ವಿಪ್ ಸ್ಟೇಕ್ಸ್ ನಡೆಯುತ್ತದೆ. ಬೆಂಗಳೂರು, ಮೈಸೂರುಗಳ ರೇಸ್ ಪಟ್ಟಿಗಳಲ್ಲಿ ಅನೇಕ ಸಾಮಾನ್ಯ ಪಂದ್ಯಗಳ ಹೆಸರಿನ ಕೊನೆಗೆ ಕಾಣುವ ಪ್ಲೇಟ್ ಎಂಬ ಪದವೂ ಬ್ರಿಟಿಷರೊಡನೆ ಬಂದುದೇ. ಎಕ್ಲಿಪ್ಸ್‌ನ ಅಸ್ಥಿಪಂಜರವನ್ನು ಇಂಗ್ಲೆಂಡಿನ ರಾಯಲ್ ವೆಟರ್ನರಿ ಕಾಲೇಜಿನಲ್ಲಿ ಕಾಪಾಡಿಡಲಾಗಿದೆ. ಇಂದಿನ ಥರೋಬ್ರೆಡ್ ಗಂಡುಕುದುರೆಗಳಲ್ಲಿ ಬಹುತೇಕ ಎಲ್ಲವುಗಳ ಪಿತೃಪರಂಪರೆ ಅದನ್ನೇ ತಲುಪುತ್ತದೆ.

ಎರಡನೆಯ ಚಾರ್ಲ್ಸ್‌ನ ನ್ಯೂಮಾರ್ಕೆಟ್ ಟೌನ್ ಪ್ಲೇಟ್ ಮಾತ್ರ ರದ್ದತಿಯ ಬಿರುಗಾಳಿಗೆ ಸಿಲುಕದೆ ಉಳಿದುಕೊಂಡಿತು. ಮೂರೂಮುಕ್ಕಾಲು ಮೈಲಿಯಷ್ಟು ಉದ್ದದ ಈ ಪಂದ್ಯದಲ್ಲಿ ಇಂದಿಗೂ ವೃತ್ತಿಪರರಲ್ಲದ ಸವಾರರೇ ಭಾಗವಹಿಸುತ್ತಾರೆ. ಹೆಂಗಸರು ಗಂಡಸರೊಡನೆ ಸಮನಾಗಿ ಸ್ಪರ್ಧಿಸಲು ಇತರ ಪಂದ್ಯಗಳಲ್ಲಿ ಅವಕಾಶವಿಲ್ಲದಿದ್ದ ಕಾಲದಲ್ಲಿ, 1925ರಲ್ಲಿ, ಐಲೀನ್ ಜೋಯಲ್ ಎಂಬಾಕೆ ಇದನ್ನು ಗೆದ್ದು ಸುದ್ದಿಯಾದಳು. ಗೆದ್ದವರಿಗೆ ಕೊಡುವ ಬಹುಮಾನಗಳಲ್ಲಿ ಆ ಊರಿನ ಪ್ರಸಿದ್ಧ ಸಾಸೇಜುಗಳೂ ಸೇರಿವೆ.